ಹೇಳದೆ ಕೇಳದೆ ಬರುತ್ತಿದ್ದ ಡಾಕ್ಟರು

ಅವರು ಮೊದಲ ಸಲ ನಮ್ಮ ಮನೆಗೆ ಬಂದಾಗ ನಾನು ಕಾಫಿ ಕೊಡಲೇ ಎಂದು ಕೇಳಿದೆ. ಅವರು ಬಚ್ಚಲುಮನೆ ಎಲ್ಲಿ ಎಂದು ಕೇಳಿದರು. ಪಾಪ, ವಯಸ್ಸಾದವರು, ಅವಸರವಿರಬೇಕು ಎಂದುಕೊಂಡು ತೋರಿಸಿದೆ. ಒಳಗೆ ಹೋದವರು ಹೋದ ಹಾಗೇ ಹೊರಗೆ ಬಂದರು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದು, ಬಕೆಟ್ಟಿನಲ್ಲಿ ನೀರಿದೆ, ಕಿಟಕಿ ತೆರೆಯುತ್ತದೆ, ಒಳ್ಳೆಯ ಮನೆ ಎಂದರು. ಆಮೇಲೆ ಹಾಲ್‌ನ ಗೋಡೆಯನ್ನು ಹೆಬ್ಬೆರಳಿನ ಉಗುರಿನಿಂದ ಒಂದು ಸಲ ಕೆರೆದು, ಉಗುರನ್ನು ಮೂಸಿ ನೋಡಿ, ಬಣ್ಣ ಹಳೆಯದೇ ಎಂದು ಖಾತ್ರಿಯಾದ ಮೇಲೆ ಕಾಫಿಗೆ ಕೂತರು. ಬಸವೇಶ್ವರನಗರದ ಬಾಡಿಗೆ ಮನೆ ಅದು. ಎಷ್ಟೋ ಕಾಲದ ನಂತರ ಅದನ್ನು ಬಿಡುವಾಗ ಮಾಲೀಕರು ಆ ಗೆರೆಯನ್ನು ತೋರಿಸಿ ಇದೇನು ಎಂದು ಕೇಳಿದರು. ಅಂತರರಾಷ್ಟ್ರೀಯ ತಪಾಸಣೆ ಎಂದೆ. ಅವರು ನಂಬಲಿಲ್ಲ, ನಾನು ಹೇಳಿದ್ದು ಮಾತ್ರ ನಿಜ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಷ್ಟು ದಿನ ಅವರು ಯಾರ ಹೆಸರನ್ನೂ ಎಲ್ಲೂ ಬರೆದಿಡಲಿಲ್ಲ. ಹೆಸರು ಬರೆದ ಕಾಗದ ಯಾರ ಕೈಗೆ ಸಿಗುತ್ತದೋ ಯಾರು ಕಂಡವರು ಎನ್ನುತ್ತಿದ್ದರು. ನಮ್ಮ ರಸ್ತೆಯಲ್ಲಿ ಎಲ್ಲರಿಗೂ ಅವರು ಡಾಕ್ಟರಮ್ಮ. ಹೋದ ತಿಂಗಳು ತೀರಿಕೊಂಡರು. ಅಂದಿನಿಂದ ನಮ್ಮ ಮನೆಯ ಕಾಲಿಂಗ್ ಬೆಲ್ ಬಾರಿಸುವವರೆಲ್ಲ ಮೊದಲು ಫೋನ್ ಮಾಡಿಯೇ ಬರುವವರು. ಬೇಜಾರಾಗುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಅವರು ಗಾಯ ನೋಡುವ ಡಾಕ್ಟರಾಗಿದ್ದರು. ವಾಸಿ ಮಾಡುವ ಡಾಕ್ಟರಲ್ಲ. ಈ ಗಾಯ ಹೇಗೆ ಆಯಿತು, ಮೆಟ್ಟಿಲಿನಿಂದ ಬಿದ್ದದ್ದೋ ಯಾರಾದರೂ ಹೊಡೆದದ್ದೋ ಎಂದು ನೋಡಿ ಕೋರ್ಟಿಗೆ ಹೇಳುವವರು. ಮದುವೆ ಆಗಲಿಲ್ಲ. ನಿವೃತ್ತಿಯಾದ ಮೇಲೆ ಜಿನೀವಾದ ಒಂದು ಸಂಸ್ಥೆ ಅವರನ್ನು ಕರೆಯಿತು. ಜಗತ್ತಿನ ಬೇರೆ ಬೇರೆ ದೇಶಗಳ ಜೈಲು, ಲಾಕಪ್ಪು, ಹುಚ್ಚಾಸ್ಪತ್ರೆಗಳಿಗೆ ಒಂದು ತಂಡ ಹೇಳದೆ ಕೇಳದೆ ನುಗ್ಗಿ, ಒಳಗಿರುವವರಿಗೆ ಯಾರಾದರೂ ಹಿಂಸೆ ಕೊಡುತ್ತಿದ್ದಾರೆಯೇ ಎಂದು ನೋಡಿಕೊಂಡು ಬರಬೇಕು. ಆ ತಂಡಕ್ಕೆ ಇವರು ಡಾಕ್ಟರು. ವರ್ಷಕ್ಕೆ ಒಂದೆರಡು ಸಲ ಕಾಟನ್ ಸೀರೆ, ಕ್ಯಾನ್ವಾಸ್ ಶೂ, ಒಂದು ಸಣ್ಣ ಸೂಟ್‌ಕೇಸು ಹಿಡಿದು ಟ್ಯಾಕ್ಸಿ ಹತ್ತುತ್ತಿದ್ದರು. ತರಕಾರಿ ಗಾಡಿಯವನು ಈ ಡಾಕ್ಟರಮ್ಮ ಮತ್ತೆ ಮತ್ತೆ ಜೈಲಿಗೆ ಹೋಗೋದು ಯಾಕೆ, ಏನು ತಪ್ಪು ಮಾಡಿದ್ದಾರೆ ಎಂದು ನನ್ನನ್ನು ಬಹಳ ಮರುಕದಿಂದ ಕೇಳಿದ್ದ. ಅವನು ಅವರಿಗೆ ಯಾವಾಗಲೂ ಕೊತ್ತಂಬರಿ ಜಾಸ್ತಿ ಹಾಕುತ್ತಿದ್ದ.

ಫಾರಿನ್ ಕಥೆ ಕೇಳಲು ನಾವೆಲ್ಲ ಕಾದು ಕೂತಿರುತ್ತಿದ್ದೆವು. ಅವರು ಹೋಗಿದ್ದು ಯಾವ ದೇಶ ಎಂದು ಕೂಡ ಬಾಯಿ ಬಿಡುತ್ತಿರಲಿಲ್ಲ. ಒಳಗೆ ಕೇಳಿದ್ದನ್ನು ಹೊರಗೆ ಹೇಳಬಾರದು, ಅದು ಆ ಕೆಲಸದ ನಿಯಮ. ಬಹಳ ಪೀಡಿಸಿದರೆ ಸೂಪು ಚೆನ್ನಾಗಿತ್ತು ಅನ್ನುವರು, ಇಲ್ಲವೇ ಸೂಪು ನೀರಾಗಿತ್ತು ಅನ್ನುವರು. ಅಷ್ಟರಲ್ಲೇ ನಾವು ಆ ದೇಶದ ಹಣೆಬರಹ ಊಹಿಸಿಕೊಳ್ಳಬೇಕಿತ್ತು.

ಕಥೆ ಹೇಳದಿದ್ದರೂ ಅಭ್ಯಾಸ ಬಿಡಲಿಲ್ಲ. ಜೈಲಿಗೆ ಹೇಳದೆ ಹೋಗಿ ಹೋಗಿ ಮನೆಗಳಿಗೂ ಹೇಳದೆ ಬರುವುದು ರೂಢಿಯಾಗಿತ್ತು. ಬಂದರೆ ಮೊದಲು ಬಚ್ಚಲು, ಆಮೇಲೆ ಅಡುಗೆಮನೆ, ಕೊನೆಗೆ ಹಾಲ್. ಯಜಮಾನರು ಹಾಲ್‌ನಲ್ಲಿ ಕೂತಿರುತ್ತಾರೆ, ಸುಳ್ಳೂ ಅಲ್ಲೇ ಕೂತಿರುತ್ತದೆ ಎನ್ನುತ್ತಿದ್ದರು. ನಮ್ಮ ರಸ್ತೆಯ ಬಚ್ಚಲುಗಳಷ್ಟು ಶುಭ್ರವಾದ ಬಚ್ಚಲುಗಳು ರಾಜಾಜಿನಗರದಿಂದ ವಿಜಯನಗರದವರೆಗೆ ಎಲ್ಲೂ ಇರಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಯಾರನ್ನು ಕಂಡರೂ ಅವರು ಚೆನ್ನಾಗಿದ್ದೀರಾ ಎಂದು ಕೇಳುತ್ತಿರಲಿಲ್ಲ. ನಿನ್ನೆ ರಾತ್ರಿ ನಿದ್ದೆ ಬಂತಾ ಎಂದು ಕೇಳುತ್ತಿದ್ದರು. ಪೇಪರ್ ಹಾಕುವವನನ್ನು, ಗ್ಯಾಸ್ ತರುವವನನ್ನು, ನನ್ನ ಗಂಡನನ್ನು, ಎಲ್ಲರನ್ನೂ. ಚೆನ್ನಾಗಿದ್ದೀರಾ ಅಂದರೆ ಹೂಂ ಅನ್ನುವುದು ಬಾಯಿಯ ಅಭ್ಯಾಸ. ನಿದ್ದೆಯ ಪ್ರಶ್ನೆಗೆ ಮನುಷ್ಯ ಒಂದು ಗಳಿಗೆ ಯೋಚಿಸುತ್ತಾನೆ. ಪಕ್ಕದಲ್ಲಿ ನಿಂತ ಜೈಲರಿಗೂ ಅದು ಏನೋ ಅಜ್ಜಿಯ ಮಾತಿನ ಹಾಗೆ ಕೇಳುತ್ತದೆ, ಅಡ್ಡ ಬರುವುದಿಲ್ಲ. ಹೀಗೆ ಅವರೇ ಒಂದು ದಿನ ನನಗೆ ವಿವರಿಸಿದ್ದರು. ನನ್ನ ಗಂಡ ಮಾತ್ರ ಆ ಪ್ರಶ್ನೆಗೆ ಪ್ರತಿ ಸಲ ನನ್ನ ಕಡೆ ನೋಡಿಯೇ ಉತ್ತರ ಕೊಡುತ್ತಿದ್ದರು. ಡಾಕ್ಟರಮ್ಮ ಅದನ್ನೂ ಗಮನಿಸಿದ್ದರು.

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿಕೊಂಡು ಬರುವ ಪದ್ಧತಿ ಇದೆಯಲ್ಲ, ಅದಕ್ಕೆ ಇವರಷ್ಟು ಯೋಗ್ಯರು ಇನ್ನಾರು ಎಂದು ಎದುರು ಮನೆಯವರಿಗೆ ಹೊಳೆಯಿತು. ತಮ್ಮ ಮಗಳಿಗೆ ಗೊತ್ತಾಗಿದ್ದ ಮಾರೇನಹಳ್ಳಿಯ ಸಂಬಂಧವನ್ನು ನೋಡಲು ಕರೆದರು. ಭಾನುವಾರ ಬರುತ್ತೇವೆ ಎಂದು ಗಂಡಿನ ಕಡೆಯವರಿಗೆ ಹೇಳಿದ್ದರೆ, ಇವರು ಬುಧವಾರವೇ ಒಬ್ಬರೇ ಹೋಗಿ ಬಂದಿದ್ದರು. ಸಂಪ್ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ಹೆಂಗಸಿನ ಪಕ್ಕ ಕೂತು ಮಾತಾಡಿ, ಅಡುಗೆಮನೆಯಲ್ಲಿ ಒಂದು ಲೋಟ ನೀರು ಕುಡಿದು ವಾಪಸ್ಸು. ವರದಿ ಒಂದೇ ಸಾಲು.

"ಹುಡುಗ ಒಳ್ಳೆಯವನು. ಆದ್ರೆ ಫ್ರಿಜ್‌ಗೆ ಬೀಗ ಹಾಕ್ತಾರೆ ಕಣ್ರೀ."

ಸಂಬಂಧ ಮುರಿಯಿತು. ಗಂಡಿನ ತಾಯಿ ನಮ್ಮ ರಸ್ತೆಗೇ ಬಂದು ಬೀಗ ಇರುವುದು ಮೊಮ್ಮಗನ ಚಾಕೊಲೇಟ್ ಕಾಟಕ್ಕೆ ಎಂದು ಕೂಗಾಡಿದರು. ಡಾಕ್ಟರಮ್ಮ ಶಾಂತವಾಗಿ ಕೇಳಿಸಿಕೊಂಡು, ನಿಮಗೆ ನಿನ್ನೆ ರಾತ್ರಿ ನಿದ್ದೆ ಬಂತಾ ಎಂದು ವಿಚಾರಿಸಿದರು. ಆಯಮ್ಮ ಮೊದಲು ಸಿಟ್ಟಾಗಿ, ಆಮೇಲೆ ಕೂತು, ಮಂಡಿನೋವಿನ ಕಥೆಯೆಲ್ಲ ಹೇಳಿಕೊಂಡು ಮಾತ್ರೆ ಬರೆಸಿಕೊಂಡು ಹೋದರು.

ಬೆಳಿಗ್ಗೆ ಕುರುಬರಹಳ್ಳಿ ಕಡೆಯ ಪಾರ್ಕಿನಲ್ಲಿ ವಾಕಿಂಗ್. ಅಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು ಇದ್ದರು. ಸರಗಳ್ಳತನದ ಸುದ್ದಿ ಬಂದಾಗಲೆಲ್ಲ ಅವರು ಕೋಲು ಬೀಸುತ್ತಾ ನಾಲ್ಕು ಬಿಗಿದರೆ ಎಲ್ಲ ಬಾಯಿ ಬಿಡುತ್ತಾರೆ ಎನ್ನುವವರು. ಒಂದು ದಿನ ಡಾಕ್ಟರಮ್ಮ ನಿಂತರು.

"ನಾಲ್ಕು ಬಿಗಿದ್ರೆ ನೀವೂ ಬಾಯಿ ಬಿಡ್ತೀರಿ ಸಾರ್. ಆ ಸರ ಕಿತ್ತಿದ್ದು ನಾನೇ ಅಂತ ಒಪ್ಕೊತೀರಿ. ಎರಡಕ್ಕೇ ಒಪ್ಕೊತೀರಿ ಅಂತ ನನಗನ್ಸುತ್ತೆ."

ಮ್ಯಾನೇಜರು ಕೋಲನ್ನು ಕೆಳಗಿಳಿಸಿ, ಅಂತರರಾಷ್ಟ್ರೀಯ ಕಾನೂನು ಎಂದರೆ ನಮ್ಮ ದೇಶವೂ ಸಹಿ ಹಾಕಿದೆಯಲ್ಲ, ಮತ್ತೇನು ಎಂದು ಮಾತು ತಿರುಗಿಸಿದರು. ಚಿತ್ರಹಿಂಸೆ ನಿಲ್ಲಿಸಬೇಕೆಂದು ದೇಶ ದೇಶಗಳು ಮಾಡಿಕೊಂಡಿರುವ ಒಪ್ಪಂದಕ್ಕೆ ನಾವು ಸಹಿ ಏನೋ ಹಾಕಿದ್ದೇವಂತೆ. ಆದರೆ ಅದು ಜಾರಿಗೆ ಬರಬೇಕಾದರೆ ಇನ್ನೊಂದು ಸಲ ಅಧಿಕೃತವಾಗಿ ಒಪ್ಪಬೇಕಂತೆ. ಅದನ್ನು ಮಾಡಿಲ್ಲವಂತೆ. ಡಾಕ್ಟರಮ್ಮ ಇದನ್ನು ನಮಗೆಲ್ಲ ಅರ್ಥವಾಗುವ ಹಾಗೆ ಹೇಳಿದರು. ತಾಂಬೂಲ ಬದಲಾಯಿಸಿಕೊಂಡಿದ್ದಾರೆ, ಫೋಟೋ ತೆಗೆಸಿಕೊಂಡಿದ್ದಾರೆ, ಛತ್ರ ಮಾತ್ರ ಬುಕ್ ಮಾಡುತ್ತಿಲ್ಲ. ಹಾಗಾಗಿ ಜಗತ್ತಿನ ಎಷ್ಟೋ ಜೈಲುಗಳ ಗೇಟು ಈಯಮ್ಮನಿಗೆ ತೆರೆಯುತ್ತಿತ್ತು, ಸ್ವಂತ ಊರಿನ ಒಂದು ಪೊಲೀಸ್ ಠಾಣೆಯ ಬಚ್ಚಲನ್ನು ನೋಡುವ ಅಧಿಕಾರ ಇರಲಿಲ್ಲ. ಇದನ್ನು ಹೇಳುವಾಗ ಮಾತ್ರ ಅವರ ಮುಖ ಸಪ್ಪಗಾಗುತ್ತಿತ್ತು.

ಇನ್ನು ನನ್ನ ಸೋದರಮಾವನ ವಿಷಯ. ಅಮ್ಮನ ತಮ್ಮ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಲೇತ್ ಮೇಲೆ ಕೆಲಸ, ಲಗ್ಗೆರೆಯಲ್ಲಿ ಒಂಟಿ ರೂಮು. ಊಟದಲ್ಲಿ ತಪ್ಪು ಹುಡುಕದೆ ಅವನು ಜನ್ಮದಲ್ಲಿ ಒಂದು ತುತ್ತು ತಿಂದವನಲ್ಲ. ಅಮ್ಮನ ಸಾರಿಗೆ ಉಪ್ಪು ಜಾಸ್ತಿ, ನನ್ನ ಮದುವೆಯ ಊಟದಲ್ಲಿ ಪಾಯಸಕ್ಕೆ ಏಲಕ್ಕಿ ಇಲ್ಲ, ದೇವಸ್ಥಾನದ ಪುಳಿಯೋಗರೆಗೆ ಎಣ್ಣೆ ಸಾಲದು. ಹೆಣ್ಣು ನೋಡಲು ಹೋದಲ್ಲೆಲ್ಲ ಕೇಸರಿಬಾತಿನ ಬಗ್ಗೆ ಅಭಿಪ್ರಾಯ ಕೊಟ್ಟು ಕೊಟ್ಟು ಮದುವೆಯೇ ಆಗಲಿಲ್ಲ. ಫ್ಯಾಕ್ಟರಿ ಮುಚ್ಚಿದ ಮೇಲೆ ಕುಡಿತ ಹತ್ತಿತು. ಮೊದಲು ಸಂಜೆ, ಆಮೇಲೆ ಮಧ್ಯಾಹ್ನ, ಆಮೇಲೆ ಎದ್ದ ತಕ್ಷಣ. ಅಮ್ಮ ಅತ್ತು ಕರೆದು, ಯಾರೋ ಹೇಳಿದರೆಂದು ಕೆಂಗೇರಿ ಆಚೆಗಿನ ಒಂದು ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿಸಿದಳು. ಮೂರು ತಿಂಗಳ ಕೋರ್ಸು. ಮನೆಯವರು ತಿಂಗಳ ಕೊನೆಯಲ್ಲಿ ಮಾತ್ರ ಬರಬಹುದು, ಅದೂ ಮೊದಲೇ ತಿಳಿಸಿ. ವಾರಕ್ಕೊಂದು ಫೋನು.

ಆ ಸಮಯಕ್ಕೇ ಕೆಂಗೇರಿ ಉಪನಗರದಲ್ಲಿ ನಮ್ಮ ಮನೆ ಕಟ್ಟಿ ಮುಗಿದಿತ್ತು. ಗೃಹಪ್ರವೇಶದ ಓಡಾಟ. ಕಾರ್ಡು ಕೊಡಲು ಡಾಕ್ಟರಮ್ಮನ ಮನೆಗೆ ಹೋದಾಗ ನಾನು ಸಂತೋಷದಿಂದಲೇ ಹೇಳಿದೆ, ಮಾವ ಬಹಳ ಸುಧಾರಿಸಿದ್ದಾನೆ, ಫೋನಿನಲ್ಲಿ ಊಟ ಚೆನ್ನಾಗಿದೆ ಅಂದ ಎಂದು.

ಡಾಕ್ಟರಮ್ಮ ಲೋಟ ಕೆಳಗಿಟ್ಟರು.

"ಊಟ ಚೆನ್ನಾಗಿದೆ ಅಂದ್ನಾ? ನಿಮ್ಮ ಮಾವ?"

"ಹೂಂ. ತುಂಬಾ ಚೆನ್ನಾಗಿದೆ ಅಂದ."

"ಅವನ ಪಕ್ಕದಲ್ಲಿ ಯಾರೋ ನಿಂತಿದಾರೆ ಕಣಮ್ಮ."

ಅಲ್ಲಿಯವರೆಗೆ ಅವರ ತಪಾಸಣೆಗಳೆಲ್ಲ ನನಗೆ ತಮಾಷೆಯಾಗಿದ್ದವು. ಅವತ್ತು ಎದ್ದು ನಿಂತೆ. ಈಗಲೇ ಕರೆದುಕೊಂಡು ಬರೋಣ ಎಂದೆ. ಆದರೆ ಸೇರಿಸಿದವಳು ಅಮ್ಮ. ಅವಳು ಸಹಿ ಹಾಕದೆ ಬಿಡುವುದಿಲ್ಲ. ಅಮ್ಮನನ್ನು ಫೋನಿನಲ್ಲಿ ಕೇಳಿದರೆ, ಗೃಹಪ್ರವೇಶದ ದಿನ ಅವನು ಕುಡಿದು ಬಂದು ಹೋಮದ ಮುಂದೆ ಬಿದ್ದರೆ ನೀನು ಎತ್ತುತ್ತೀಯಾ ಎಂದು ನನ್ನ ಮೇಲೇ ಹರಿಹಾಯ್ದಳು. ಇಂಥ ಕೇಂದ್ರಗಳನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿಗೆ ದೂರು ಕೊಡೋಣವೇ ಎಂದರೆ, ಕೊಡೋಣ, ಆದರೆ ಅವರು ಮೊದಲು ನೋಟಿಸು ಕಳಿಸುತ್ತಾರೆ, ನೋಟಿಸು ಕಳಿಸಿ ಬರುವುದು ಬಣ್ಣ ಬಳಿದುಕೊಳ್ಳಿ ಎಂದು ಟೈಮ್ ಕೊಟ್ಟ ಹಾಗೆ ಎಂದರು ಡಾಕ್ಟರಮ್ಮ. ಹೇಳದೆ ಹೋದರೆ ಗೇಟು ತೆರೆಯುವುದಿಲ್ಲ. ಇದು ಜಿನೀವಾ ಅಲ್ಲ.

ಅವರ ಕಣ್ಣು ನನ್ನ ಕೈಲಿದ್ದ ಕುಂಕುಮದ ಬಟ್ಟಲಿನ ಮೇಲೆ ಬಿತ್ತು.

ಅರಿಶಿನ ಕುಂಕುಮ, ಅಕ್ಷತೆ, ಕಾರ್ಡು ಹಿಡಿದು ಬಂದವರನ್ನು ಗೇಟಿನಿಂದ ಹಾಗೇ ವಾಪಸ್ಸು ಕಳಿಸುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಮಾರನೆಯ ದಿನವೇ ಹೊರಟೆವು. ಸೋದರಮಾವನನ್ನು ಕರೆಯದೆ ಗೃಹಪ್ರವೇಶ ಮಾಡುವುದು ಹೇಗೆ ಎಂದಾಗ ಅಮ್ಮ ಮರುಮಾತಾಡದೆ ರೇಷ್ಮೆ ಸೀರೆ ಉಟ್ಟಳು. ಇದು ತಪಾಸಣೆ ಎಂದು ಅವಳಿಗೆ ನಾವು ಹೇಳಲಿಲ್ಲ. ಹೇಳಿದ್ದರೆ ಅವಳ ಮುಖವೇ ಎಲ್ಲ ಹೇಳಿಬಿಡುತ್ತಿತ್ತು.

ಗೇಟಿನ ವಾಚ್‌ಮನ್ ಇವತ್ತು ಭೇಟಿಯ ದಿನ ಅಲ್ಲ ಎಂದು ಶುರು ಮಾಡುವಷ್ಟರಲ್ಲಿ ಅಮ್ಮ ಅವನ ಹಣೆಗೇ ಕುಂಕುಮ ಇಟ್ಟು, ಸಂಸಾರ ಸಮೇತ ಬರಬೇಕಪ್ಪಾ ಎಂದು ಕಾರ್ಡು ಕೊಟ್ಟಳು. ಅವನು ಗೇಟು ತೆರೆದ. ಒಳಗೆ ಕೇಂದ್ರದ ಯಜಮಾನ, ದಪ್ಪ ಉಂಗುರಗಳ ಮನುಷ್ಯ, ಅವನಿಗೂ ಕುಂಕುಮ. ಹಾಲ್‌ನಲ್ಲಿ ಗಂಡಸರೆಲ್ಲ ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು, ಒಂದೇ ಬಣ್ಣದ ಟೀ ಶರ್ಟಿನಲ್ಲಿ. ಮಾವನೂ ಇದ್ದ, ಅರ್ಧ ಆಗಿದ್ದ.

ಆಗಲೇ ಅಮ್ಮ ನಮ್ಮ ಯಾರ ಲೆಕ್ಕದಲ್ಲೂ ಇಲ್ಲದ ಕೆಲಸ ಮಾಡಿದಳು. ಒಬ್ಬನನ್ನು ಕರೆದು ಪಕ್ಕದವನನ್ನು ಬಿಟ್ಟರೆ ಅವನು ಏನಂದುಕೊಂಡಾನು ಎಂಬ ಸಂಕೋಚ ಅವಳಿಗೆ. ಸಾಲಿನ ಮೊದಲಿನಿಂದ ಶುರು ಮಾಡಿ ಪ್ರತಿಯೊಬ್ಬನ ಹಣೆಗೂ ಕುಂಕುಮ ಇಟ್ಟು, ಹೆಸರು ಕೇಳಿ, ಬರಲೇಬೇಕು ಎಂದು ಕರೆಯುತ್ತಾ ಬಂದಳು. ಹಿಂದೆಯೇ ಡಾಕ್ಟರಮ್ಮ ಅಕ್ಷತೆ ಕೊಡುತ್ತಾ, ನಿನ್ನೆ ರಾತ್ರಿ ನಿದ್ದೆ ಬಂತಾ ಎಂದು ಕೇಳುತ್ತಾ ಬಂದರು. ಎಲ್ಲರೂ ಯಜಮಾನನ ಕಡೆ ನೋಡಿ, ಬಂತು ಮೇಡಂ ಎಂದರು. ಅಮ್ಮ ಮಾವನ ಮುಂದೆ ನಿಂತು ಊಟ ಸರಿ ಹೋಗ್ತಾ ಇದೆಯೇನೋ ಅಂದಳು. ಅವನು ನೆಲ ನೋಡುತ್ತಾ ಚೆನ್ನಾಗಿದೆ ಅಕ್ಕ ಎಂದ. ಅಮ್ಮ ಹಿಗ್ಗಿದಳು.

ಡಾಕ್ಟರಮ್ಮ ತಮಗೆ ಸಕ್ಕರೆ ಕಾಯಿಲೆ, ಬಚ್ಚಲು ಎಲ್ಲಿ ಎಂದರು. ಸಕ್ಕರೆ ಕಾಯಿಲೆಯೂ ಇಲ್ಲ, ಏನೂ ಇಲ್ಲ. ದಾರಿ ತೋರಿಸಲು ಮಾವನನ್ನೇ ಎಬ್ಬಿಸಿದರು. ವಯಸ್ಸಾದ ಹೆಂಗಸು ಬಚ್ಚಲಿಗೆ ಹೋಗುವಾಗ ಹಿಂದೆ ಹೋಗಲು ಯಜಮಾನನಿಗೂ ಮುಜುಗರ. ಬಹಳ ಹೊತ್ತಾಗಲಿಲ್ಲ, ವಾಪಸ್ಸು ಬಂದರು. ಅವರ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಇತ್ತು.

ಹೊರಗೆ ಬಂದು ಆಟೋದಲ್ಲಿ ನನ್ನ ಕಿವಿಯಲ್ಲಿ ಹೇಳಿದರು. ಹಿಂದುಗಡೆ ಒಂದು ಕೋಣೆ, ಹೊರಗಿನಿಂದ ಚಿಲಕ, ಹೊಸದಾಗಿ ಬಣ್ಣ. ಮಾವ ಹೇಳಿದ್ದು ಒಂದೇ ಮಾತು: ಮಲಗೋಕೆ ಬಿಡಲ್ಲ, ನಿಲ್ಲಿಸ್ತಾರೆ. ಈಗ ನಾವು ಬೇಗ ಮತ್ತೆ ಹೋಗಬೇಕು ಎಂದರು. ಒಳಗಿರುವವನು ಬಾಯಿ ಬಿಟ್ಟ ಮೇಲೆ ನಾವು ಹೊರಟು ಹೋದರೆ, ಆಮೇಲಿನದೆಲ್ಲ ಅವನ ಮೈ ಮೇಲೆ. ಎರಡನೇ ಸಲ ಹೋಗದವರು ಮೊದಲನೇ ಸಲವೂ ಹೋಗಬಾರದು. ಕುಂಕುಮದ ನೆಪ ಆಗಲೇ ಮುಗಿದಿತ್ತು, ಉಳಿದಿದ್ದ ನೆಪವೆಂದರೆ ನಾಡಿದ್ದಿನ ಗೃಹಪ್ರವೇಶ.

ಯಜಮಾನ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಅವನು ಬಂದ, ಟೆಂಪೋ ತುಂಬ ಜನರನ್ನು ಕರೆದುಕೊಂಡು ಬಂದ, ಮೇಲಿಂದ ಒಂದು ಬ್ಯಾನರ್ ಬೇರೆ ತಂದು ನಮ್ಮ ಶಾಮಿಯಾನಕ್ಕೆ ಕಟ್ಟಿಸಿದ. ಕುಡಿತ ಬಿಡಿ, ಬದುಕು ಕಟ್ಟಿ ಎಂದು ದೊಡ್ಡ ಅಕ್ಷರ, ಪಕ್ಕದಲ್ಲಿ ಅವನ ಫೋಟೋ. ಬಂದ ನೆಂಟರೆಲ್ಲ ಇದು ಯಾರ ಮನೆಯ ಗೃಹಪ್ರವೇಶ ಎಂದು ಗೊಂದಲಕ್ಕೆ ಬಿದ್ದರು. ನನ್ನ ಗಂಡನ ಚಿಕ್ಕಪ್ಪ ಬ್ಯಾನರ್ ಓದಿ, ನನ್ನ ಗಂಡನ ಭುಜ ತಟ್ಟಿ, ಒಳ್ಳೇ ನಿರ್ಧಾರ ಮಾಡಿದೀಯಪ್ಪ ಅಂದರು.

ಟೆಂಪೋದಿಂದ ಒಬ್ಬೊಬ್ಬರೇ ಇಳಿದರು. ಮಾವ ಇಳಿಯಲಿಲ್ಲ. ಸ್ವಲ್ಪ ಜ್ವರ, ರೆಸ್ಟ್ ಮಾಡ್ತಿದಾರೆ ಎಂದ ಯಜಮಾನ.

ಪಂಕ್ತಿ ಕೂತಿತು. ಅಮ್ಮ ಮೊದಲ ಸಾಲಿನಲ್ಲಿ ತಮ್ಮನಿಗೆಂದು ಹಾಕಿಸಿದ್ದ ಎಲೆ ಖಾಲಿ ಉಳಿಯಿತು. ಡಾಕ್ಟರಮ್ಮ ಸೆರಗು ಸಿಕ್ಕಿಸಿ ಕೋಸಂಬರಿಯ ಬಟ್ಟಲು ಹಿಡಿದರು. ಬಡಿಸುವವರ ಕಡೆ ಯಾರೂ ತಲೆ ಎತ್ತಿ ನೋಡುವುದಿಲ್ಲ, ಎಲೆಯ ಮೇಲೆ ಬೀಳುವುದನ್ನು ನೋಡುತ್ತಾರೆ. ಅವರು ಪ್ರತಿ ಎಲೆಯ ಮುಂದೂ ಬಗ್ಗಿದರು, ಪ್ರತಿ ಕೈಯನ್ನೂ ನೋಡಿದರು, ಮೆಲ್ಲಗೆ ಅದೇ ಪ್ರಶ್ನೆ ಕೇಳಿದರು. ನಾನು ಹಿಂದೆ ಪಲ್ಯ ಹಿಡಿದುಕೊಂಡು ಹೋಗುತ್ತಿದ್ದೆ. ಸಾಲಿನ ಕೊನೆಯಲ್ಲಿ ಒಬ್ಬ ಗಡ್ಡದವನು ಕೋಸಂಬರಿಯನ್ನು ನೋಡುತ್ತಲೇ ಹೇಳಿದ.

"ನಮಗೆ ಬಂತು ಮೇಡಂ. ಅವರಿಗೆ ಬರ್ಲಿಲ್ಲ. ಹಸಿರು ರೂಮಲ್ಲಿದಾರೆ."

ಡಾಕ್ಟರಮ್ಮ ಬಟ್ಟಲನ್ನು ನನ್ನ ಕೈಗೆ ಕೊಟ್ಟು ನೆಟ್ಟಗೆ ಅಮ್ಮನ ಹತ್ತಿರ ಹೋದರು. ಗದರಲಿಲ್ಲ, ದೂರಲಿಲ್ಲ. ನಿಮ್ಮ ತಮ್ಮನಿಗೆ ಹುಷಾರಿಲ್ಲವಂತೆ, ಊಟ ಕಟ್ಟಿಕೊಂಡು ಹೋಗೋಣ ಬನ್ನಿ ಅಂದರು. ಅಮ್ಮ ಆ ಖಾಲಿ ಎಲೆಯನ್ನು ಒಂದು ಸಲ ನೋಡಿದಳು. ತನ್ನದೇ ಮಗಳ ಗೃಹಪ್ರವೇಶದ ಮನೆಯಲ್ಲಿ ನೆಂಟರನ್ನೆಲ್ಲ ಹಾಗೇ ಬಿಟ್ಟು ಕ್ಯಾರಿಯರ್ ತರಲು ಒಳಗೆ ಹೋದಳು.

ಉಳಿದದ್ದು ಯಜಮಾನ. ಅವನು ಎದ್ದು ಫೋನ್ ಮಾಡಿದರೆ ಎಲ್ಲ ಕೆಟ್ಟಿತು. ಡಾಕ್ಟರಮ್ಮ ನನ್ನ ಗಂಡನನ್ನು ಕರೆದು, ನಾವು ಬರುವವರೆಗೆ ಆ ಮನುಷ್ಯ ಎಲೆಯಿಂದ ಏಳಬಾರದು ಎಂದರು. ನನ್ನ ಗಂಡ ಬೇರೆ ಯಾವ ಕೆಲಸಕ್ಕೂ ಪ್ರಯೋಜನಕ್ಕೆ ಬಾರದಿದ್ದರೂ ಉಪಚಾರಕ್ಕೆ ಎತ್ತಿದ ಕೈ. ಒಂದು ಹೋಳಿಗೆ ಹಾಕಿದರು, ತುಪ್ಪ ಸುರಿದರು. ಬೇಡ ಎಂದು ಎಲೆಗೆ ಅಡ್ಡ ಹಿಡಿದ ಕೈಯ ಮೇಲೇ ಇನ್ನೊಂದು ಹಾಕಿದರು. ನಮ್ಮ ಮನೆಯಲ್ಲಿ ಎಲೆಯಲ್ಲಿ ಬಿಟ್ಟು ಏಳುವ ಪದ್ಧತಿ ಇಲ್ಲ ಎಂದರು. ಚಿಕ್ಕಪ್ಪನೂ ಹುರುಪಿನಿಂದ ಬಂದು ಸೇರಿಕೊಂಡರು. ಉಂಗುರದ ಬೆರಳುಗಳೆಲ್ಲ ತುಪ್ಪದಲ್ಲಿ ಮುಳುಗಿ, ಜೇಬಿನಲ್ಲಿದ್ದ ಫೋನ್ ಮುಟ್ಟುವ ಸ್ಥಿತಿಯಲ್ಲಿ ಅವನು ಇರಲಿಲ್ಲ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅದೂ ಒಂದು ಬಗೆಯ ಅಕ್ರಮ ಬಂಧನವೇ ಎಂದು ಡಾಕ್ಟರಮ್ಮ ಆಮೇಲೆ ಒಪ್ಪಿಕೊಂಡರು. ಆದರೆ ಊಟ ಚೆನ್ನಾಗಿತ್ತಲ್ಲ ಎಂದೂ ಸೇರಿಸಿದರು.

ಕೇಂದ್ರದ ಗೇಟಿನಲ್ಲಿ ವಾಚ್‌ಮನ್ ಒಬ್ಬನೇ ಇದ್ದ. ಎಲ್ಲರೂ ಊಟಕ್ಕೆ ಹೋಗಿ ಅವನನ್ನು ಮಾತ್ರ ಬಿಟ್ಟಿದ್ದರು. ಹಣೆಗೆ ಕುಂಕುಮ ಇಟ್ಟು ಕರೆದವನಿಗೆ ಊಟ ತಪ್ಪಿದ್ದನ್ನು ಕಂಡು ಅಮ್ಮನಿಗೆ ನಿಜವಾಗಿಯೂ ಸಂಕಟವಾಯಿತು. ಮೊದಲು ಅವನಿಗೇ ಎಲೆ ಹಾಸಿ ಬಡಿಸಿದಳು. ಅವನು ಒಂದು ತುತ್ತು ತಿಂದು, ಕೈ ನಿಲ್ಲಿಸಿ, ಸೊಂಟದ ಬೀಗದ ಕೈ ಬಿಚ್ಚಿ ಕೊಟ್ಟ. ಹಸಿರು ರೂಮಿನ ಚಿಲಕಕ್ಕೆ ಬೀಗವನ್ನೂ ಹಾಕಿದ್ದರು.

ಮಾವ ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ. ಎದ್ದು ನಿಲ್ಲಲು ಆಗಲಿಲ್ಲ. ಅಂಗಾಲುಗಳು ಬಾತು ಕಪ್ಪಾಗಿದ್ದವು. ಡಾಕ್ಟರಮ್ಮ ನೆಲದ ಮೇಲೆ ಕೂತು ಆ ಕಾಲುಗಳನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಮೆಟ್ಟಿಲಿಂದ ಬಿದ್ದ ಅಂತ ಹೇಳ್ತಾರೆ ನೋಡ್ತಾ ಇರು, ಅಂಗಾಲಿನ ಮೇಲೆ ಯಾರೂ ಬೀಳಲ್ಲ ಎಂದು ನನಗೆ ಹೇಳಿದರು. ಅಮ್ಮ ಬಾಗಿಲಲ್ಲೇ ಕುಸಿದು ಕೂತಳು. ಸೇರಿಸುವಾಗ ಅವಳೇ ಯಜಮಾನನಿಗೆ ಹೇಳಿದ್ದಳಂತೆ, ಒಂದೆರಡು ಏಟು ಬಿದ್ದರೂ ಪರವಾಗಿಲ್ಲ, ಬುದ್ಧಿ ಬರಲಿ ಎಂದು. ಅದನ್ನೇ ಹೇಳಿಕೊಂಡು ಅತ್ತಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು.

ಡಾಕ್ಟರಮ್ಮ ಕ್ಯಾರಿಯರ್ ಬಿಚ್ಚಿ ಒಂದು ಚೂರು ಹೋಳಿಗೆ ಮಾವನ ಬಾಯಿಗೆ ಇಟ್ಟರು. ಅವನು ನಿಧಾನವಾಗಿ ಅಗಿದ. ನುಂಗಿದ. ನಮ್ಮ ಮೂವರ ಮುಖವನ್ನೂ ನೋಡಿದ.

"ಬೆಲ್ಲ ಕಮ್ಮಿ ಆಯ್ತು," ಅಂದ.

ಡಾಕ್ಟರಮ್ಮ ಅಮ್ಮನ ಕಡೆ ತಿರುಗಿ, ಅಳಬೇಡಿ, ಹುಷಾರಾಗ್ತಾನೆ ಅಂದರು.

ಆಮೇಲಿನದು ಆಸ್ಪತ್ರೆ, ಕಚೇರಿ, ದೂರು. ಮಾವ ಮೆಟ್ಟಿಲಿಂದ ಬಿದ್ದ ಎಂದೇ ಯಜಮಾನ ಹೇಳಿದ. ಡಾಕ್ಟರಮ್ಮ ಗಾಯದ ವಿವರ ಬರೆದ ರೀತಿಗೆ ಅವನ ಮೆಟ್ಟಿಲು ನಿಲ್ಲಲಿಲ್ಲ. ಕೇಂದ್ರಕ್ಕೆ ಬೀಗ ಬಿತ್ತು, ಈಗ ಅಲ್ಲಿ ಟೈಲ್ಸ್ ಗೋಡೌನ್ ಇದೆ. ಉಳಿದವರನ್ನು ಅವರವರ ಮನೆಯವರು ಬಂದು ಕರೆದುಕೊಂಡು ಹೋದರು. ಡಾಕ್ಟರಮ್ಮ ಅವರೆಲ್ಲರ ಮನೆಗೂ ಆಮೇಲೆ ಹೋಗಿ ಬಂದರು. ಹೇಳದೆ ಕೇಳದೆ.

ಮಾವ ಲಗ್ಗೆರೆಯ ರೂಮು ಬಿಟ್ಟು ನಮ್ಮ ಮೇಲಿನ ಮನೆಗೆ ಬಂದ. ಸಿನಿಮಾದಲ್ಲಾದರೆ ಅವನು ಕುಡಿತ ಬಿಡಬೇಕಿತ್ತು. ಕೆಲವು ತಿಂಗಳು ಬಿಟ್ಟ, ಮತ್ತೆ ಶುರು ಮಾಡಿದ, ಮತ್ತೆ ಬಿಟ್ಟ. ಒಂದು ಸಲ ಅವನು ತೂರಾಡುತ್ತಾ ಬಂದ ದಿನ ಅಮ್ಮ ಡಾಕ್ಟರಮ್ಮನ ಮುಂದೆ ಹಣೆ ಚಚ್ಚಿಕೊಂಡು, ನೀವು ಅಷ್ಟೆಲ್ಲ ಮಾಡಿದ್ದೂ ದಂಡ ಆಯಿತಲ್ಲ ಎಂದಳು.

"ನಾನು ಕುಡಿಯೋದು ಬಿಡ್ಸೋಕೆ ಹೋಗಿರ್ಲಿಲ್ಲ ಕಣ್ರೀ. ಹೊಡೆಯೋದು ಬಿಡ್ಸೋಕೆ ಹೋಗಿದ್ದೆ," ಅಂದರು ಡಾಕ್ಟರಮ್ಮ. ಆಮೇಲೆ ಅವರೇ ಮಾವನನ್ನು ಒಬ್ಬ ಸರಿಯಾದ ಡಾಕ್ಟರ ಹತ್ತಿರ ವಾರ ವಾರ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಮಾವ ಆ ಆಸ್ಪತ್ರೆಯ ಕ್ಯಾಂಟೀನಿನ ಇಡ್ಲಿಯನ್ನು ಬೈಯುತ್ತಿದ್ದ. ಅವರು ಅದನ್ನು ಹಾಡು ಕೇಳಿದ ಹಾಗೆ ಕೇಳುತ್ತಿದ್ದರು. ಬಯ್ಯೋದು ಕಮ್ಮಿಯಾದ ವಾರ ಮಾತ್ರ ನನಗೆ ಫೋನ್ ಮಾಡಿ, ಮನೇಲಿ ಏನಾಯ್ತು ಎಂದು ವಿಚಾರಿಸುತ್ತಿದ್ದರು.

ಈಚೆಗೆ ಅವರಿಗೇ ಓಡಾಡಲು ಆಗುತ್ತಿರಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗ ನಾನು ಭೇಟಿಯ ಸಮಯವಲ್ಲದ ಸಮಯದಲ್ಲಿ, ನರ್ಸಿನ ಕಣ್ಣು ತಪ್ಪಿಸಿ ಒಳಗೆ ಹೋದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಆಕ್ಸಿಜನ್ ಮಾಸ್ಕ್ ಸರಿಸಿ, ಬಚ್ಚಲು ನೋಡಿದೆಯಾ ಎಂದು ಕೇಳಿದರು. ನೋಡಿದೆ, ಒಳಗಿನ ಚಿಲಕ ಕಿತ್ತುಹೋಗಿದೆ ಎಂದೆ. ಹಾಗಾದ್ರೆ ಹೇಳಿ ರಿಪೇರಿ ಮಾಡಿಸು, ನನಗಲ್ಲ, ನಾಳೆ ಬರೋರಿಗೆ ಎಂದರು. ಮಾಡಿಸಿದೆ.

ಅವರ ತಂಗಿಯ ಮನೆಯವರು ತಿಥಿಯ ಊಟವನ್ನು ಬಸವೇಶ್ವರನಗರದ ಡಾಕ್ಟರಮ್ಮನ ಮನೆಯ ಮುಂದೆಯೇ ಶಾಮಿಯಾನ ಹಾಕಿಸಿ ಮಾಡಿದರು. ಪಾರ್ಕಿನ ಬ್ಯಾಂಕ್ ಮ್ಯಾನೇಜರು ಬಂದಿದ್ದರು, ಕೋಲು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ತರಕಾರಿಯವನು ಬಂದು ಬಾಳೆಎಲೆ ಹಾಸಿದ. ಮಾವ ಅಮ್ಮನ ಪಕ್ಕ ಕೂತ. ಅಡುಗೆ ಎಂದರೆ ಹೇಳುವ ಹಾಗಿರಲಿಲ್ಲ. ಸಾರು ನೀರು, ಅನ್ನ ಮುದ್ದೆ, ಪಾಯಸ ತಳ ಹಿಡಿದಿತ್ತು. ಬಡಿಸಿದ್ದನ್ನೆಲ್ಲ ಮಾವ ತಲೆ ಬಗ್ಗಿಸಿ ತಿಂದ. ಅವನು ಈಗ ಏನನ್ನುತ್ತಾನೋ, ದುಃಖದ ಮನೆಯಲ್ಲಿ ಮರ್ಯಾದೆ ಹೋಗುತ್ತದೋ ಎಂದು ನಾನು ಹೆದರಿಕೊಂಡೇ ಇದ್ದೆ. ಡಾಕ್ಟರಮ್ಮನ ತಂಗಿ ಸಾಲಿನಲ್ಲಿ ಎಲ್ಲರನ್ನೂ ವಿಚಾರಿಸುತ್ತಾ ಬಂದು ಅವನ ಮುಂದೆಯೂ ನಿಂತರು.

"ಊಟ ಚೆನ್ನಾಗಿತ್ತಮ್ಮ," ಎಂದ ಮಾವ.

ಅಮ್ಮನ ಕೈ ಎಲೆಯ ಮೇಲೇ ನಿಂತಿತು. ಅವಳು ತಮ್ಮನ ಕಡೆ ತಿರುಗಿದಳು. ಇಷ್ಟು ವರ್ಷ ನಾನು ಅವಳ ಬಾಯಲ್ಲಿ ಕೇಳದಿದ್ದ ಪ್ರಶ್ನೆಯನ್ನು ಕೇಳಿದಳು.

"ಯಾಕೋ, ನಿನ್ನೆ ರಾತ್ರಿ ನಿದ್ದೆ ಬಂತೇನೋ?"

"ಇಲ್ಲ ಅಕ್ಕ," ಎಂದ. "ಬರ್ಲಿಲ್ಲ."